ಬೆಂಕಿಪೊಟ್ಟಣ ತಂದವಳು

ಲೂಜೋ ಊರಿನ ಹಳೆ ದೋಣಿಕಟ್ಟೆಯ ಹಿಂದೆ
ನನ್ನ ಮಣ್ಣಿನ ಜಾಡಿಗಳ ಅಂಗಡಿ.
ಸಾಸಿವೆಸೊಪ್ಪಿನ ಕಾಲಕ್ಕೆ ಸರಿಯಾಗಿ ಬಂದಳು
ಮುದುಕಿ ಪು ಶುಯಿಂಗ್, ಜೊತೆಗೆ ಮೊಮ್ಮಗಳು.

ಹೊಳಪಿನದನ್ನು ಮುಂದೆ ಇಟ್ಟಿದ್ದೆ.
ಅವಳು ಹೊಳಪು ನೋಡಲಿಲ್ಲ.
ಗೆಣ್ಣಿನಿಂದ ಹೊಟ್ಟೆ ತಟ್ಟಿ ಕಿವಿಯಿಟ್ಟಳು,
ಪಕ್ಕದ ಮನೆಯ ಜಗಳ ಕದ್ದು ಕೇಳುವವಳ ಹಾಗೆ.

ಹುಡುಗಿಗೆ ಗಾಜಿನದೇ ಬೇಕು:
'ಒಳಗೆ ಮೂಲಂಗಿ ಏನಾಗ್ತಿದೆ ಅಂತ ಕಾಣುತ್ತೆ, ಅಜ್ಜಿ.'
'ನಿನ್ನನ್ನು ಹೊತ್ತಾಗ ನಿಮ್ಮಮ್ಮನ ಹೊಟ್ಟೆ
ಗಾಜಿನದಾಗಿತ್ತೇನೇ?'

ಆಮೇಲೆ ನೀರು ಕೇಳಿದಳು.
ಜಾಡಿಯ ಕಂಠದ ಸುತ್ತ ಪಾತಿ,
ಗಿಡಕ್ಕೆ ಕಟ್ಟುವಂಥದ್ದೇ; ಅದನ್ನು ತುಂಬಿಸಿ
ಚೀಲದಿಂದ ತೆಗೆದಳು ಬೆಂಕಿಪೊಟ್ಟಣ, ಸೋತ ಲಾಟರಿ ಚೀಟಿ.
ಉರಿಯುವ ಕಾಗದ ಒಳಗೆ, ಮುಚ್ಚಳ ಮೇಲೆ.

ಸುಮ್ಮನೆ ನಿಂತೆವು ಮೂವರೂ.
ಪಾತಿಯ ನೀರು ಮಿಸುಕಲಿಲ್ಲ.
'ಉಸಿರು ಸೋರ್ತದೆ' ಎಂದಳು, ನನ್ನ ಕಡೆ ನೋಡದೆ.
ನನಗೆ ಗೊತ್ತಿತ್ತು.

ಐದನೆಯದು ಸೊಟ್ಟ. ಆವಿಗೆಯಲ್ಲಿ
ಪಕ್ಕದ್ದಕ್ಕೆ ಒರಗಿ ಬೆಂದದ್ದು.
ಮುಚ್ಚಳವೂ ಬೇರೆ ಯಾವುದರದ್ದೋ.
ಚೀಟಿ ಆರುತ್ತಲೇ
ಗುಳುಕ್! ಪಾತಿಯ ನೀರನ್ನೆಲ್ಲ ಒಳಗೆಳೆದುಕೊಂಡಿತು
ಬಿಸಿಲಲ್ಲಿ ನಡೆದು ಬಂದವನ ಹಾಗೆ.

ಅರ್ಧ ಬೆಲೆ ಹೇಳಿದಳು. ಚೌಕಾಸಿಗೆ
ಬಾಯಿ ಬರಲಿಲ್ಲ ನನಗೆ.
ಜಾಡಿ ಹುಡುಗಿಯ ಸೊಂಟದ ಮೇಲೆ,
ಮುಚ್ಚಳ ಮುದುಕಿಯ ಬುಟ್ಟಿಯಲ್ಲಿ,
ಮೆಟ್ಟಿಲಿಳಿದು ಹೋದರು ನದಿಯ ಕಡೆ.
ಮನೆಯಲ್ಲಿ ಕಾಯುತ್ತಿದೆಯಂತೆ
ಆ ಹುಡುಗಿಯ ತಾಯಿಗಿಂತ ಹಿರಿಯ ಉಪ್ಪುನೀರು.

ಹೊಳಪಿನದನ್ನು ಒರೆಸಿ
ಮತ್ತೆ ಮುಂದೆ ಇಟ್ಟೆ.
ಎಲ್ಲರೂ ಬೆಂಕಿಪೊಟ್ಟಣ ತರುವುದಿಲ್ಲ.