ಮಾದರಿ

ಪಣಂಬೂರಿನ ಹದಿನಾಲ್ಕನೇ ಧಕ್ಕೆಯಲ್ಲಿ
ಐವತ್ತೆರಡು ಸಾವಿರ ಟನ್ ಸುಣ್ಣದಕಲ್ಲು ಇಳಿಯುತ್ತಿದೆ.
ಕ್ರೇನಿನ ಮುಷ್ಟಿ ಬಿಚ್ಚಿದಾಗಲೆಲ್ಲ ಬಿಳಿ ಧೂಳು,
ಕಾಗೆಗಳೂ ಕೊಕ್ಕರೆಯಾಗುತ್ತವೆ.

ನನ್ನ ಕೆಲಸ ಸಣ್ಣದು. ಐನೂರು ಟನ್ನಿಗೆ ಒಂದು ಸಲಿಕೆ.
ಗೋಪುರ ಮಾಡಬೇಕು, ನೆತ್ತಿ ತಟ್ಟಿ ಚಪ್ಪಟೆ ಮಾಡಬೇಕು,
ನಾಲ್ಕು ಪಾಲು; ಎದುರುಬದುರಿನ ಎರಡನ್ನು ಎಸೆದು
ಉಳಿದದ್ದನ್ನು ಮತ್ತೆ ಗೋಪುರ.
ಹೀಗೆ ಒಂದು ಗುಡ್ಡ ಕೊನೆಗೆ
ಒಂದು ಚೀಲದೊಳಗೆ ಕೂರುತ್ತದೆ,
ಮೇಲೆ ಹರಿಣಾಕ್ಷಿ ಎಂಬ ಸಹಿ.
ನಿಯಮ ಒಂದೇ: ಆರಿಸಕೂಡದು.
ಚಂದದ್ದೆಂದು ಹಾಕಕೂಡದು, ಕೆಟ್ಟದ್ದೆಂದು ಬಿಡಕೂಡದು.

ಆವತ್ತು ಊಟದ ಸೈರನ್ ಆದ ಮೇಲೆ
ಸಲಿಕೆಗೆ ಬಂತು ತೆಂಗಿನ ಗೆರಟೆಯಷ್ಟು ದೊಡ್ಡ ಕಲ್ಲು.
ಒಂದು ಮೈ ಈಗಷ್ಟೇ ಒಡೆದದ್ದು, ಒಂದು ಮೈ ಬಿಸಿಲು ಕಂಡದ್ದು.
ಬಿಸಿಲು ಕಂಡ ಮೈಯಲ್ಲಿ ಕೆಂಪು ಬಣ್ಣದ ಅಂಕಿ, ೪೧.
ಪಕ್ಕದಲ್ಲೊಂದು ಬಾಣ, ಮೇಲಕ್ಕೆ.
ಮೇಲೆ ಯಾವುದು? ಅಂಗೈಯಲ್ಲಿ ತಿರುಗಿಸಿದೆ.
ಬಾಣ ತೋರಿಸಿದ್ದು ರಸಗೊಬ್ಬರದ ಚಿಮಣಿಯನ್ನು.

ಲಾರಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದ ಇದಿನಬ್ಬ
ದೂರದಿಂದಲೇ ನೋಡಿ ಕೈ ತೊಳೆದುಕೊಂಡು ಬಂದ.
ಹನ್ನೊಂದು ವರ್ಷ ಗಲ್ಫಿನಲ್ಲಿ ಡಂಪರ್ ಓಡಿಸಿದವನು.

"ಈ ಗುಡ್ಡ ನನಗೆ ಗೊತ್ತುಂಟು ಮಾರಾಯ್ತಿ.
ಕಡಲಿಗೆ ನೆಟ್ಟಗೆ ನಿಂತದ್ದು. ಪದರ ಪದರ,
ಬ್ಯಾಂಕಿನ ಲೆಡ್ಜರ್ ಪೇರಿಸಿಟ್ಟ ಹಾಗೆ.
ಒಬ್ಬಳು ಪ್ರಾಯದವಳು ಬರ್ತಿದ್ದಳು,
ಹಗ್ಗ ಕಟ್ಟಿ ಇಳಿಯುವುದು, ಸುತ್ತಿಗೆ, ಬಣ್ಣದ ಡಬ್ಬ.
ಅದರಲ್ಲಿ ಒಂದು ಗೆರೆ ಉಂಟು. ಕೆಳಗೆ ಪೂರಾ ಚಿಪ್ಪು,
ಕಾಲಿಡ್ಲಿಕ್ಕೆ ಜಾಗ ಇಲ್ಲದಷ್ಟು ಚಿಪ್ಪು.
ಗೆರೆಯಿಂದ ಮೇಲೆ ಎಂತದೂ ಇಲ್ಲ.
ಒಂದಾಳೆತ್ತರ, ಎಂತದೂ ಇಲ್ಲ.
ಲೋಕದ ಜೀವ ಹೆಚ್ಚುಕಡಿಮೆ ಮುಗಿದದ್ದು ಅಲ್ಲಿಯೇ ಅಂತೆ.
ಬೆರಳಿಟ್ಟು ನೋಡು ಅಂದಳು. ಇಟ್ಟೆ.
ಇಪ್ಪತ್ತೈದು ಕೋಟಿ ವರ್ಷ, ಬೆರಳಿಗೆ ತಣ್ಣಗೆ.
ಮತ್ತೆ ಚಿಪ್ಪು ಬರ್ಲಿಕ್ಕೆ ಎಷ್ಟು ಸಮಯ ಹಿಡಿಯಿತು ಕೇಳಿದೆ.
ಅದನ್ನೇ ಅಳೆಯುವುದು ಅಂದಳು."

"ಅಳೆದು ಆಯ್ತಾ?"

"ನಲವತ್ತರವರೆಗೆ ನಂಬರ್ ಹಾಕಿದ್ದು ನಾನು ನೋಡಿದ್ದೇನೆ.
ಮತ್ತೆ ಲೀಸು ಆ ಬದಿಗೆ ಸರಿಯಿತು.
ಮದ್ದು ಇಟ್ಟ ದಿವಸ ಡಂಪರು ನನ್ನದೇ."

ಬುತ್ತಿಗೆ ಮರಳಿದ. ಬಂಗುಡೆಯ ಮುಳ್ಳುಗಳನ್ನು
ಮುಚ್ಚಳದ ಅಂಚಿಗೆ ಒಂದೊಂದಾಗಿ ಒರಗಿಸಿಟ್ಟ.

ನನ್ನ ಮುತ್ತಜ್ಜಿ ದೇಯಿ, ಕೂಳೂರಿನ ಹೊಳೆಬದಿಯಲ್ಲಿ
ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡಿದವಳು.
ಮಾಂಸ ಪುಂಡಿಗೆ, ಚಿಪ್ಪು ಗೂಡಿಗೆ.
ಬೆಂದ ಚಿಪ್ಪಿಗೆ ನೀರು ಚಿಮುಕಿಸಿದರೆ
ಸತ್ತದ್ದು ಉಸ್ಸೆಂದು ಎದ್ದು ಕೂರುತ್ತಿತ್ತಂತೆ.
ಒಂದು ಸೇರು ಸುಣ್ಣಕ್ಕೆ ಎಷ್ಟು ಕುಕ್ಕೆ ಚಿಪ್ಪು,
ಅವಳಿಗೆ ಬಾಯಿಪಾಠ. ಎಷ್ಟು ವರ್ಷ ಎಂದು
ಅವಳನ್ನು ಯಾರೂ ಕೇಳಿರಲಿಲ್ಲ.
ಪ್ರತಿ ಉಬ್ಬರಕ್ಕೂ ಹೊಳೆ ಹೊಸದು ತರುತ್ತಿತ್ತು.
ಈಗ ಸೇತುವೆಯ ಕೆಳಗೆ ಕೈ ಹಾಕಿದರೆ
ಕೆಸರು. ಕೆಸರಿನ ಕೆಳಗೂ ಕೆಸರು.

ಪ್ರಯೋಗಾಲಯದಲ್ಲಿ, ಅಂಕಿಯ ಹಿಂಬದಿಗೆ,
ಆಮ್ಲದ ಒಂದು ಹನಿ ಬಿಟ್ಟೆ.
ನೊರೆಯೆದ್ದಿತು. ಯಾವ ಕಡಲಿನದೋ ಉಸಿರು
ನನ್ನ ಮಾಸ್ಕಿನ ಹತ್ತಿರ ಬಂದು ಹೋಯಿತು.
ಸಾಕು ಅನ್ನಿಸಿ ಒರೆಸಿದೆ.

ವರದಿಯಲ್ಲಿ ಬರೆದೆ:
ಕ್ಯಾಲ್ಸಿಯಂ ಆಕ್ಸೈಡ್ ಐವತ್ನಾಲ್ಕು ಬಿಂದು ಒಂದು.
ತೇವ, ಇಲ್ಲವೆನ್ನುವಷ್ಟು.
ಷರಾ: ಏನೂ ಇಲ್ಲ.

ಚೀಲ ಒಂದು ಕಲ್ಲಿನಷ್ಟು ಹಗುರ.
ಹದಿನಾರು ವರ್ಷದಲ್ಲಿ ನಾನು ಆರಿಸಿದ್ದು ಇದೊಂದೇ.
ಅಡುಗೆಮನೆಯ ಕಿಟಕಿಯಲ್ಲಿದೆ, ಉಪ್ಪಿನ ಭರಣಿಯ ಪಕ್ಕ.
ಧೂಳು ಒರೆಸುವಾಗ ಯಾರಾದರೂ ತಲೆಕೆಳಗು ಇಟ್ಟರೆ
ಹೋಗುತ್ತ ಬರುತ್ತ ತಿರುಗಿಸಿಡುತ್ತೇನೆ,
ಬಾಣ ಮೇಲೆ ಮಾಡಿ.