ಹತ್ತು ವರ್ಷಕ್ಕೆ ಮುಂಗಡ

ಡ್ಯಾನ್ಯೂಬಿನ ಆಚೆ ದಡ ರುಮೇನಿಯ,
ಈಚೆ ಬಲ್ಗೇರಿಯದ ನಮ್ಮ ಊರು.
ಇಲ್ಲಿ ನಡೆದಾಡುವವರಿಗಿಂತ
ಗೋಡೆಗಂಟಿದವರೇ ಹೆಚ್ಚು.
ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಲಿಂಡನ್ ಮರದ ಬೊಡ್ಡೆಗೆ,
ಮುಚ್ಚಿದ ಸಕ್ಕರೆ ಕಾರ್ಖಾನೆಯ ಗೇಟಿಗೆ
ಅಂಗೈಯಗಲದ ಮುಖಗಳು, ಕೆಳಗೆ ಹೆಸರು,
ಹೆಸರಿನ ಕೆಳಗೆ ಲೆಕ್ಕ:
ನೀನಿಲ್ಲದೆ ನಲವತ್ತು ದಿನ.
ನೀನಿಲ್ಲದೆ ಆರು ತಿಂಗಳು.
ನೀನಿಲ್ಲದೆ ಹನ್ನೊಂದು ವರ್ಷ.

ಅಚ್ಚು ಹಾಕುವವಳು ನಾನು, ರೂಸ್ಕಾ.
ಅಪ್ಪನ ಕಾಲಕ್ಕೆ ಸೀಸದ ಅಕ್ಷರ,
ನನ್ನ ಕಾಲಕ್ಕೆ ಕೆಮ್ಮುವ ಪ್ರಿಂಟರು.
ಶಿಲುಬೆಯವರಿಗೆ ಕಪ್ಪು ಅಂಚು,
ಚಂದ್ರನವರಿಗೆ ಹಸಿರು,
ಮದುವೆಯಾಗದೆ ಹೋದ ಎಳೆಯರಿಗೆ ನೀಲಿ.
ನೀಲಿ ಶಾಯಿ ಮುಗಿದರೆ ಬೇಗ ತರಿಸುವುದಿಲ್ಲ ನಾನು.
ಮೂಢಳೆನ್ನಿ. ಅಷ್ಟು ದಿನವಾದರೂ
ಯಾವ ಹುಡುಗನೂ ಕುಡಿದು ಬೈಕು ಹತ್ತದಿರಲಿ.

ಪಕ್ಷದ ಕಾರ್ಯದರ್ಶಿಯಾಗಿದ್ದ ಕ್ಲಿಮೆಂಟನಿಗೆ
ಮಗ ಬಂದು ನಕ್ಷತ್ರ ಹಾಕಿಸಿದ.
ನಲವತ್ತರ ದಿನಕ್ಕೆ ಹೆಂಡತಿ ಬಂದಳು: ಶಿಲುಬೆ ಇರಲಿ,
ಅಲ್ಲಿ ಯಾರ ಆಡಳಿತವೋ ಯಾರು ಬಲ್ಲರು?
ಆರನೇ ತಿಂಗಳಿಗೆ ಮತ್ತೆ ನಕ್ಷತ್ರ.
ವರ್ಷಕ್ಕೆ ಇಬ್ಬರೂ ಬಂದು, ಜಗಳಾಡಿ,
ಒಂದು ಗುಲಾಬಿಗೆ ಒಪ್ಪಿದರು.
ಕ್ಲಿಮೆಂಟನದು ಮಾತ್ರ ನಾಲ್ಕರಲ್ಲೂ
ಅದೇ ಟೈ, ಅದೇ ಸಿಟ್ಟು.

ಒಂದು ಮಾರ್ಚಿನಲ್ಲಿ ವೆಲಿಚ್ಕೊ ಬಂದ,
ರೈಲ್ವೆಯಲ್ಲಿ ಕೈಮರ ಎತ್ತಿ ಇಳಿಸುತ್ತಿದ್ದವ.
ನೆಂಟರಿಲ್ಲ. ನಾಯಿಯಿತ್ತು, ಅದೂ ಇಲ್ಲ.
"ನನ್ನದು ಮಾಡು," ಎಂದ. "ತೇದಿ ಖಾಲಿ ಬಿಡು.
ಸತ್ತ ದಿನಕ್ಕೊಂದು, ನಲವತ್ತಕ್ಕೊಂದು, ಆರು ತಿಂಗಳಿಗೊಂದು,
ಆಮೇಲೆ ವರ್ಷಕ್ಕೊಂದರಂತೆ ಹತ್ತು."
ಪ್ಲಮ್ ಜಾಮಿನ ಡಬ್ಬಿಯನ್ನೇ ತಂದಿದ್ದ,
ನೋಟು ಎಣಿಸಿ ಮತ್ತೆ ತುಂಬಿ ಮೇಜಿಗಿಟ್ಟ.
ನನಗಾಗ ಅರವತ್ತಾರು.
"ಅಲ್ಲಿಯತನಕ ನಾನಿರಬೇಕಲ್ಲ, ಮಾರಾಯ?"
"ಅದಕ್ಕೇ ಕೊಡುತ್ತಿರುವುದು," ಎಂದು ರಸೀದಿ ಮಡಿಚಿಕೊಂಡ.

ಸಾಯಲಿಲ್ಲ ಪುಣ್ಯಾತ್ಮ ಬೇಗ.
ತಿಂಗಳಿಗೊಮ್ಮೆ ಬಂದು ತನ್ನ ಮುಖ ಪರೀಕ್ಷಿಸುವನು:
ಈ ಫೋಟೋದಲ್ಲಿ ಹಸಿದವನಂತಿದ್ದೇನೆ.
ಇದರಲ್ಲಿ ಟೋಪಿ ಸೊಟ್ಟ.
'ಗಾಢ ದುಃಖದಿಂದ' ಎಂಬುದನ್ನು ತೆಗೆ,
ಯಾರಿಗೆ ದುಃಖ? ಸುಳ್ಳು ಬೇಡ.
'ನೆನೆಯುವವರು' ಎಂದಿರಲಿ. ಬಹುವಚನ.
ಗೌರವಕ್ಕೆ.

ಮೂರನೇ ಚಳಿಗಾಲದಲ್ಲಿ ತೀರಿಕೊಂಡ.
ಪಕ್ಕದ ಮನೆಯ ಹಯ್ರಿಯೆ ಕನ್ನಡಿಗೆ ಬಟ್ಟೆ ಹೊದಿಸಿದಳು,
ಹೆಣ ದಾಟದಿರಲೆಂದು ಬೆಕ್ಕನ್ನು ಹೊರಗಟ್ಟಿದಳು.
"ನಿಮ್ಮವರ ಶಾಸ್ತ್ರ ನನಗೂ ಅಂಟಿಕೊಂಡಿದೆ," ಎಂದಳು.
ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಕಲೆಸಿ
ಕಾಗದದ ಲೋಟಗಳಲ್ಲಿ ಹಂಚಿದೆವು.
"ದೇವರು ಕ್ಷಮಿಸಲಿ," ಎಂದರು ತಿಂದವರು, ಬಾಯ್ತುಂಬ.
ಏನನ್ನು ಕ್ಷಮಿಸುವುದೋ!
ನಲವತ್ತು ವರ್ಷ ಒಂದು ರೈಲನ್ನೂ
ಇನ್ನೊಂದಕ್ಕೆ ತಾಗಗೊಡದವನು.

ನಲವತ್ತು ದಿನ ಅಲೆದು ಆತ್ಮ ಮೇಲೇರುತ್ತದೆ, ಪಾದ್ರಿಯ ಮಾತು.
ಮಣ್ಣು, ಅಷ್ಟೇ, ಎನ್ನುತ್ತಿದ್ದ ಕ್ಲಿಮೆಂಟ್, ಇದ್ದಾಗ.
ಹಯ್ರಿಯೆಯ ಇಮಾಮನದು ಬೇರೆ ಬಾಗಿಲು.
ನನಗೆ ಗೊತ್ತಿರುವುದು ಅಂಟಿನ ವಿಷಯ:
ಹಿಟ್ಟಿನ ಅಂಟು ಎರಡು ಮಳೆ ತಾಳುತ್ತದೆ.
ಮೊದಲು ಮೂಲೆ ಬಿಡುತ್ತದೆ, ಆಮೇಲೆ ಹೆಸರು,
ಕಡೆಗೆ ಕಣ್ಣು.
ಅದರಡಿ ಇನ್ನೊಬ್ಬರ ಹಣೆ, ಅದರಡಿ ಮತ್ತೊಬ್ಬರ ಗಲ್ಲ.
ಎಷ್ಟು ಕೆರೆದರೂ ಗೋಡೆ ಸಿಗುವುದಿಲ್ಲ.

ತೀರಿಕೊಂಡನೆಂದರೆ ತೀರಿತೇ?
ವರ್ಷದವು ನಾಲ್ಕು ಅಂಟಿಸಿದ್ದೇನೆ, ಇನ್ನಾರು ಬಾಕಿ.
ನನಗೆ ಎಪ್ಪತ್ಮೂರು. ಎಡಗೈ ನಡುಗುತ್ತದೆ.
ಉಪ್ಪು ಬಿಡು ಎಂದಿದ್ದಾನೆ ವೈದ್ಯ.
ರಾತ್ರಿ ಎದೆಯೊಳಗೆ ಏನೋ ಕುಂಟಿದಾಗ
ಜಾಮಿನ ಡಬ್ಬಿಯತ್ತ ನೋಡಿ ಗೊಣಗುತ್ತೇನೆ:
ಋಣ ಹೊರಿಸಿ ಹೋದೆಯಲ್ಲೋ.
ಬೆಳಗ್ಗೆ ಎದ್ದು ಹಿಟ್ಟು ಕಲೆಸುತ್ತೇನೆ.

ಇವತ್ತು ಹಯ್ರಿಯೆ ಬಂದು ಕುಳಿತಳು,
ಕರವಸ್ತ್ರ ಬಿಚ್ಚಿ ತನ್ನದೊಂದು ಫೋಟೋ ತೆಗೆದಳು,
ಕಿವಿಯೋಲೆ ಚೆನ್ನಾಗಿ ಬಂದಿದೆ.
"ಹಸಿರು ಶಾಯಿ ಇದೆಯಾ? ಅವಸರವೇನಿಲ್ಲ."
ಹಿಂದಿನ ಕಪಾಟಿನಲ್ಲಿ ಎರಡು ಡಬ್ಬಿ ತುಂಬ ಇತ್ತು.
ಇಲ್ಲ, ಎಂದೆ.