ಷರಾ

ಗಣಿತದವಳು ನಾನು. ಗ್ರಂಥಾಲಯ
ನನಗೆ ಬಂದದ್ದು ಒಂದು ಕೀಲಿಕೈಯಾಗಿ,
ವರ್ಗವಾಗಿ ಹೊರಟ ಹಿಂದಿ ಮಾಸ್ತರರು
ಬಸ್ಸಿನ ಕಿಟಕಿಯಿಂದ ಚಾಚಿದ್ದು:
“ಒಂದು ಪುಸ್ತಕ ಕಳದ್ರ ಪಗಾರದಾಗ ಹಿಡೀತಾರ್ರಿ,
ಕಪಾಟು ತೆಗೀದಿರೋದೇ ಛೊಲೊ.”

ತೆಗೆಯದೆ ಎರಡು ವರ್ಷ ಇಟ್ಟೆ.
ವಾಡಿಯ ಗಾಳಿಗೆ ಕೀಲಿಕೈ ಬೇಕಿಲ್ಲ;
ಸಂದಿನಲ್ಲಿ ನುಸುಳಿ, ಪುಸ್ತಕಗಳ ನೆತ್ತಿಗೆಲ್ಲ
ಸಿಮೆಂಟಿನ ಬೂದಿ ಹಚ್ಚಿ ಬಂದಿತ್ತು.

ಒಂದು ರಾತ್ರಿ, ಕರೆಂಟು ಹೋಗಿ,
ಸೊಳ್ಳೆಪರದೆಯೊಳಗೆ ಮೊಬೈಲು ಬೆಳಗಿಸಿಕೊಂಡು
ಹುಡುಕಿದೆ: ಓದದ ಮಕ್ಕಳನ್ನು ಓದಿಸುವುದು ಹೇಗೆ?
ಜಗತ್ತಿನ ತುಂಬ ಎಚ್ಚರಿದ್ದರು ನನ್ನಂಥವರು.
ಒಬ್ಬಳು ಪುಸ್ತಕಕ್ಕೆ ಕಾಗದ ಸುತ್ತಿ ಹೆಸರು ಅಡಗಿಸಿದ್ದಳು,
ಒಬ್ಬ ಬೆನ್ನಿಗೆಲ್ಲ ಬಣ್ಣದ ಚೀಟಿ ಅಂಟಿಸಿದ್ದ,
ಎಲ್ಲೋ ಹಿಮ ಬೀಳುವ ಊರಿನ ಅಕ್ಕ
ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ,
ಪಿಂಗಾಣಿ ತಟ್ಟೆಯಲ್ಲಿ ಪುಸ್ತಕ ಇಟ್ಟು ಕರೆದಿದ್ದಳು:
ಬನ್ನಿ, ರುಚಿ ನೋಡಿ, ಒಗ್ಗದಿದ್ದರೆ ಬಿಡಿ.

ನಕ್ಕೆ.
ನಮ್ಮಲ್ಲಿ ಮೇಜಿಲ್ಲ, ಬಿಳಿ ಬಟ್ಟೆ ಸಂಜೆಗೆ ಬೂದು,
ಮೇಣದಬತ್ತಿ ಹಚ್ಚುವುದು ಹೀಗೆ ಕತ್ತಲಾದಾಗಷ್ಟೇ.
ತಟ್ಟೆ?
ತಾಟು ಇವೆಯಲ್ಲ. ನೂರಾ ಹನ್ನೆರಡು, ಸ್ಟೀಲಿನವು,
ಅಂಚಿಗೆ ಶಾಲೆಯ ಹೆಸರು ಕೊರೆಸಿದ್ದು.

ಶನಿವಾರ ವರಾಂಡದ ಫರ್ಸಿಗೆ ನೀರು ಹೊಡೆದು
ಏಳನೆಯ ಕ್ಲಾಸನ್ನು ಸಾಲಾಗಿ ಕೂಡಿಸಿದೆ.
“ಇಷ್ಟ್ ಲಗೂನ ಊಟಾ ಟೀಚರ್?” ಅಂದ ಭೀಮಾಶಂಕರ.
“ಹೌದು, ಕೈ ತೊಳಕೊಂಡು ಬರ್ರಿ.”
ಬಡಿಸುತ್ತ ನಡೆದೆ. ಕಪಾಟಿನವು, ಝಾಡಿಸಿ ಒರೆಸಿದವು;
ನಡುನಡುವೆ ಆ ರಾತ್ರಿ ಇಳಿಸಿಕೊಂಡ ಕತೆಗಳು,
ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿ ಮೈನೋದ್ದೀನ್
“ಸಾಲಿ ಹುಡುಗ್ರಿಗಾ? ಹಾಳೀದಷ್ಟೇ ಕೊಡ್ರಿ” ಅಂದು
ಗೋಣಿ ದಾರದಲ್ಲಿ ಹೊಲಿದುಕೊಟ್ಟವು.

ಐದು ನಿಮಿಷಕ್ಕೊಮ್ಮೆ ತಾಟು ಬಲಕ್ಕೆ ಸರಿಯಬೇಕು.
ಭೀಮಾಶಂಕರ ಒಂದು ಪುಟ ಓದಿ “ಉಪ್ಪು ಕಮ್ಮಿ” ಅಂದ, ಸರಿಸಿದ.
ಜಗದೇವಿ ಕೊನೆಯ ಪುಟ ಮೊದಲು ತಿಂದಳು.
ಖಾಜಾಬಿಯ ಹತ್ತಿರ ಸಾಲು ನಿಂತೇ ಹೋಯಿತು;
ತಾಟನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದಳು,
ನಾಯಿ ಸುಳಿದಾಗ ರೊಟ್ಟಿ ಹಿಡಿಯುವ ಹಾಗೆ.
ಗಡಿಯಾರ ಜೇಬಿಗೆ ಹಾಕಿದೆ.

ಸೌಟು ಹಿಡಿದೇ ಬಂದು ನಿಂತಿದ್ದಳು ಅಡುಗೆಯ ಚಂದಮ್ಮ:
“ಹನ್ನೆರಡು ವರ್ಷ ಆಯ್ತು, ಎಲ್ಲರಿಗೂ ನಾನೇ ಬಡಸೀನಿ.
ನನ್ನ ತಾಟಿನ್ಯಾಗ ಏನ್ ಹಾಕ್ತೀರಿ?”

ಸಾಲಿನ ತುದಿಗೆ ಕೂತಳು. ಕೊಟ್ಟೆ.
ನಾಲ್ಕನೆಯ ಕ್ಲಾಸಿಗೆ ಬಿಟ್ಟುಬಂದ ಅಕ್ಷರಗಳು
ತುಟಿಯ ತನಕ ಬಂದು, ಅನುಮಾನಿಸಿ,
ಒಂದೊಂದಾಗಿ ಅವಳ ಗುರುತು ಹಿಡಿದವು.
ಒಳಗೆ ತೊಗರಿಬೇಳೆ ತಳ ಹತ್ತಿತು.
ವಾಸನೆ ಎಲ್ಲರಿಗೂ ಬಂತು. ಯಾರೂ ಹೇಳಲಿಲ್ಲ.

ಮಧ್ಯಾಹ್ನ ಎಣಿಸಿದೆ, ಗಣಿತದವಳಲ್ಲವೇ.
ತಾಟು ಮೂವತ್ತೆಂಟು. ಪುಸ್ತಕ ಮೂವತ್ತೇಳು.
ಎರಡು ಸಲ ಎಣಿಸಿದೆ. ಮೂರನೆಯ ಸಲಕ್ಕೆ
ಅಡುಗೆಕೋಣೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಗೆ ಒರಗಿ,
ಕಿವಿ ಮಡಿಸಿಕೊಂಡು ಕೂತದ್ದು ಕಂಡಿತು.
ನೋಡದವಳ ಹಾಗೆ ನೀರು ಕುಡಿದು ಬಂದೆ.

ಹೆಡ್ ಮಾಸ್ತರ್ ಹಣಮಂತರಾಯರಿಗೆ ಚಿಂತೆ:
“ಮೊಬೈಲಿನಿಂದ ಬಂದದ್ದಕ್ಕ ಸ್ಟಾಕ್ ಬುಕ್ಕಿನ್ಯಾಗ
ಏನಂತ ಬರೀತೀರಿ? ತಪಾಸಣಿಗೆ ಬಂದವ್ರು ಕೇಳ್ತಾರ.”
ಗೆರೆ ಎಳೆದು ಬರೆದಿದ್ದೇನೆ, ಓದಿಕೊಳ್ಳಲಿ:

ಕ್ರಮಸಂಖ್ಯೆ ಮುನ್ನೂರ ಆರು. ಪುಟ ಹದಿನಾರು. ಬೆಲೆ ಸೊನ್ನೆ.
ಷರಾ: ಅರಿಶಿನದ ಕಲೆ ಇದೆ.
ಒಂಬತ್ತನೆಯ ಪುಟದವರೆಗೆ ಓದಲಾಗಿದೆ.
ಮರಳಿ ಬಂದಿಲ್ಲ. ಅವಸರವಿಲ್ಲ.